ಒಂಬತ್ತು ಜನ, ಇಪ್ಪತ್ತಮೂರು ಬ್ಯಾಗು, ಒಂದು ಮೀನು

ನಮ್ಮ ಕ್ರೈಸ್ತ ಸಭೆಯಿಂದ ಮಿಷನ್ ಟ್ರಿಪ್ ಹೋಗುವುದು ಅಂತ ತೀರ್ಮಾನವಾದ ದಿನ ನಾನು ಮಾಡಿದ ತಪ್ಪು ಒಂದೇ. "ಟೀಮಿಗೆ ಲೀಡರ್ ಯಾರು?" ಅಂತ ನಮ್ಮ ಪಾದ್ರಿ ಅಯ್ಯನವರು ಕೇಳಿದಾಗ ಎಲ್ಲರೂ ಜಾಣರಾಗಿ ತಲೆ ತಗ್ಗಿಸಿ ಕೂತಿದ್ದರು, ನಾನು ಮಾತ್ರ ಫ್ಯಾನ್ ಯಾಕೆ ಕಿರುಗುಡ್ತಾ ಉಂಟು ಅಂತ ಮೇಲೆ ನೋಡಿದೆ. ಅಷ್ಟೇ. ಆಮೆನ್ ಅಂದುಬಿಟ್ಟರು.

ಹೋಗಬೇಕಾದದ್ದು ತಾಳವಾಡಿಗೆ. ತಮಿಳುನಾಡಿನ ಈರೋಡ್ ಜಿಲ್ಲೆ, ಸತ್ಯಮಂಗಲದ ಕಾಡು ದಾಟಿ ಮೇಲೆ. ಅಲ್ಲೊಂದು ಸಣ್ಣ ಸಭೆ. ಐದು ದಿನ ಇದ್ದು ಅವರ ಪ್ರಾರ್ಥನಾ ಮಂದಿರಕ್ಕೆ ಸುಣ್ಣ ಬಣ್ಣ ಹೊಡೆಯುವುದು, ಸಭೆಯ ಮಕ್ಕಳಿಗೆ ಬೇಸಿಗೆ ರಜೆಯ ಕ್ಲಾಸು ಮಾಡುವುದು. ಕಾಸರಗೋಡಿನಲ್ಲಿ ನಮ್ಮ ಮನೆಯ ಕಂಪೌಂಡಿಗೇ ಬಣ್ಣ ಕಾಣದೆ ಆರು ವರ್ಷವಾಯಿತು. ಆ ಮಾತು ಹೆಂಡತಿ ಆಗಾಗ ನೆನಪಿಸ್ತಾಳೆ, ಬಿಡಿ.

ತಮಿಳುನಾಡು ಅಂದಮೇಲೆ ತಮಿಳು ಬೇಕಲ್ಲ? ಸಭೆಯ ಹಿಂದೆ ಮನೆ ಕಟ್ಟುತ್ತಿದ್ದ ತಮಿಳು ಮೇಸ್ತ್ರಿಯನ್ನು ಹಿಡಿದು ತಂದೆವು. ಪಾಪದ ಮನುಷ್ಯ, ಸಂಜೆ ಕೆಲಸ ಬಿಟ್ಟ ಮೇಲೆ ಸಿಮೆಂಟಿನ ಕೈಯಲ್ಲೇ ಬಂದು ಮೂರು ವಾರ ಪಾಠ ಮಾಡಿದ. ಚಾ, ಎರಡು ಪೊರಟ ಫೀಸು. ಅವನಿಗೆ ಗೊತ್ತಿದ್ದದ್ದನ್ನೇ ಅವನು ಕಲಿಸಿದ್ದು, ಅದರಲ್ಲಿ ತಪ್ಪಿಲ್ಲ. ಮೂರು ವಾರದ ಕೊನೆಗೆ ನಮ್ಮ ಒಂಬತ್ತು ಜನಕ್ಕೂ "ಸೀಕ್ಕಿರಂ ವಾ", "ಕಲ್ಲು ಎಡು", "ಇನ್ನುಂ ತಣ್ಣಿ ಊತ್ತು" (ಬೇಗ ಬಾ, ಕಲ್ಲು ಎತ್ತು, ಇನ್ನೂ ನೀರು ಹೊಯ್ಯಿ) ಚೆನ್ನಾಗಿ ಬರುತ್ತಿತ್ತು. ಮಕ್ಕಳಿಗೆ ಕತೆ ಹೇಳುವುದಕ್ಕೆ ಇದು ಸಾಕಾ ಅಂತ ಯಾರೂ ಕೇಳಲಿಲ್ಲ.

ಅದಾದ ಮೇಲೆ ಸಾಕ್ಷಿ. ದೇವರು ತನ್ನ ಜೀವನದಲ್ಲಿ ಏನು ಮಾಡಿದ ಅಂತ ಪ್ರತಿಯೊಬ್ಬರೂ ಮೂರು ನಿಮಿಷದಲ್ಲಿ ಹೇಳಬೇಕು. ನಾನು ಮೊಬೈಲಿನಲ್ಲಿ ಟೈಮರ್ ಇಟ್ಟು ಕೂತೆ. ನಮ್ಮ ಟೀಮಿನ ಹಿರಿಯರು, ನಾವೆಲ್ಲ ಮಾಮ ಅಂತ ಕರೆಯುವವರು, ಎದ್ದು ನಿಂತು ಕನ್ನಡಕ ಒರೆಸಿ, "1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲಿನಿಂದ ಮೂವರು ಮಿಷನರಿಗಳು ಹಡಗು ಹತ್ತಿ ನಮ್ಮ ಮಂಗಳೂರಿಗೆ ಬಂದರು..." ಅಂತ ಶುರು ಮಾಡಿದರು. ಟೈಮರ್ ಹೊಡೆಯಿತು. ಅಲಾರಂ ಯಾರದ್ದೋ ಅಂದುಕೊಂಡು ಮುಂದುವರಿಸಿದರು. ಇಪ್ಪತ್ತು ನಿಮಿಷ ಕಳೆದಾಗ ಜೆಪ್ಪುವಿನ ಹೆಂಚಿನ ಕಾರ್ಖಾನೆಗೆ ಅವರ ಅಜ್ಜನ ಅಪ್ಪ ಕೆಲಸಕ್ಕೆ ಸೇರಿದ್ದರು. ಮಾಮ ಹುಟ್ಟಲು ಇನ್ನೂ ಮೂರು ತಲೆಮಾರು ಬಾಕಿ ಇತ್ತು.

ನಾವು ಆಡುವ ನಾಟಕ ಬೈಬಲಿನ ಯೋನನದ್ದು. ಮಿಷನ್ನಿಗೆ ಹೋಗು ಅಂದರೆ ಉಲ್ಟಾ ದಿಕ್ಕಿನ ಹಡಗು ಹತ್ತಿದ ಪ್ರವಾದಿ ಅವನೊಬ್ಬನೇ, ಆದ್ದರಿಂದ ನನಗೆ ಅವನನ್ನು ಕಂಡರೆ ಮೊದಲಿಂದಲೂ ಸ್ವಲ್ಪ ಪ್ರೀತಿ ಜಾಸ್ತಿ. ಅವನನ್ನು ನುಂಗಿದ ಮೀನು ಮಾಡಬೇಕಿತ್ತು. ಅದು ಹುಲಿ ಕಾಡು, ಅಲ್ಲಿಗೆ ಪ್ಲಾಸ್ಟಿಕ್, ಥರ್ಮಾಕೋಲು ಹೊತ್ತುಕೊಂಡು ಹೋಗುವುದು ಬೇಡ ಅಂತ ಅಡಿಕೆ ಹಾಳೆಯಲ್ಲಿ ಮಾಡಿದೆವು. ಹದಿನಾರು ಹಾಳೆ ನೀರಲ್ಲಿ ನೆನೆಸಿ, ಚಪ್ಪಟೆ ಮಾಡಿ, ಗೋಣಿ ಸೂಜಿಯಲ್ಲಿ ಹೊಲಿದು, ಬಿದಿರಿನ ಸಲಾಕೆಗೆ ಕಟ್ಟಿ, ಕಣ್ಣಿಗೆ ಎರಡು ತೆಂಗಿನ ಗೆರಟೆ. ಆರಡಿ ಉದ್ದ. ನಿಜವಾಗಿಯೂ ಚಂದ ಇತ್ತು. ಒಣಗಲಿ ಅಂತ ರಾತ್ರಿ ಅಂಗಳದಲ್ಲಿ ಇಟ್ಟೆವು. ಬೆಳಿಗ್ಗೆ ನೋಡಿದರೆ ಬಾಲ ಇಲ್ಲ, ಹೊಟ್ಟೆ ಅರ್ಧ ಇಲ್ಲ, ಪಕ್ಕದ ಮನೆಯ ದನ ತಲೆಯ ಹತ್ತಿರ ನಿಂತು ನಿಧಾನಕ್ಕೆ ಮೆಲುಕು ಹಾಕ್ತಾ ಉಂಟು. ಹಾಳೆ ಅಂದರೆ ದನಕ್ಕೆ ಎಷ್ಟು ಇಷ್ಟ ಅಂತ ಹುಟ್ಟಿದಾಗಿನಿಂದ ನೋಡ್ತಾ ಬಂದವರು ನಾವು, ಆದರೂ! ಮೀನು ಯೋನನನ್ನು ನುಂಗುವ ಮೊದಲೇ ದನ ಮೀನನ್ನು ನುಂಗಿತು. ಮತ್ತೆ ಎಂಟು ಹಾಳೆ, ಮತ್ತೆ ಹೊಲಿಗೆ.

ದುಡ್ಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಸ್ತ್ರೀ ಸಂಘದವರು ಆರಾಧನೆ ಮುಗಿದ ಮೇಲೆ ನೀರುದೋಸೆ, ಕೋಳಿ ಸುಕ್ಕ ಮಾರಿದರು. ಜಾಸ್ತಿ ತಿಂದದ್ದು ನಮ್ಮ ಟೀಮು. ಅದೂ ಸಾಲಕ್ಕೆ.

ಬ್ಯಾಗಿನ ಜಗಳವೇ ದೊಡ್ಡದು. ಒಬ್ಬರಿಗೆ ಒಂದೇ ಬ್ಯಾಗು ಅಂತ ನಾನು ಹೇಳಿದ್ದೆ. ಇಪ್ಪತ್ತಮೂರು ಬಂತು. ಒಬ್ಬ ಆಂಟಿ ಕುಚ್ಚಲಕ್ಕಿಯನ್ನೇ ಹತ್ತು ಕಿಲೋ ತಂದಿದ್ದರು, ಅಲ್ಲಿಯ ಅನ್ನ ಹೊಟ್ಟೆಗೆ ಹಿಡಿಯದಿದ್ದರೆ ಅಂತ. ನಾನು ಸತ್ಯವೇದ ತೆಗೆದು ಮತ್ತಾಯ ಹತ್ತನೇ ಅಧ್ಯಾಯ ಓದಿದೆ. ಶಿಷ್ಯರನ್ನು ಕಳಿಸುವಾಗ ಯೇಸುಸ್ವಾಮಿ ಹೇಳಿದ್ದು ಸ್ಪಷ್ಟ ಉಂಟು, ಚೀಲ ಬೇಡ, ಎರಡು ಅಂಗಿ ಬೇಡ, ಕೋಲು ಕೂಡ ಬೇಡ. "ಹಾಗಾದರೆ ಕೊಡೆ?" ಅಂದರು ಮಾಮ. ಕೊಡೆ ಕೋಲಿನ ಲೆಕ್ಕಕ್ಕೆ ಬರುತ್ತದೆ ಅಂದೆ. ಅವರು ಮಾರ್ಕನ ಆರನೇ ಅಧ್ಯಾಯ ತೆಗೆದು ಮೂಗಿನ ಕೆಳಗೆ ಹಿಡಿದರು. ಅಲ್ಲಿ ಕೋಲು ಒಂದಿರಲಿ ಅಂತ ಉಂಟು. ಮಾಮನ ಕೊಡೆ ಗೆದ್ದಿತು, ಅದರ ಹಿಂದೆ ಎಲ್ಲರ ಬ್ಯಾಗೂ ಗೆದ್ದಿತು.

ಹೊರಡಲು ನಾಲ್ಕು ದಿನ ಇರುವಾಗ ತಾಳವಾಡಿಯ ಸಭೆ ನೋಡಿಕೊಳ್ಳುವ ಉಪದೇಶಿಗೆ ಫೋನ್ ಮಾಡಿದೆ. ಅಲ್ಲಿವರೆಗೆ ನಮ್ಮದು ಬರೀ ಮೆಸೇಜಲ್ಲೇ ವ್ಯವಹಾರ. ಮೇಸ್ತ್ರಿಯ ತಮಿಳಿನಲ್ಲಿ "ವಣಕ್ಕಂ ಅಯ್ಯಾ" ಅಂದೆ. ಆ ಕಡೆಯಿಂದ ಒಂದು ಕ್ಷಣ ಸದ್ದಿಲ್ಲ.

"ಯಾಕ್ ಸಾ, ಕನ್ನಡ ಬರಾಕಿಲ್ವಾ ನಿಮ್ಗೆ?"

ಮಕ್ಕಳಿಗೆ ತಮಿಳಲ್ಲಿ ಹಾಡು ಕಲಿತಿದ್ದೇವೆ ಅಂದೆ. "ಬುಡಿ ಸಾ, ಇಲ್ಲಿ ಮನೇಲೆಲ್ಲ ಕನ್ನಡಾನೇ ಆಡೋದು" ಅಂದರು ಅವರು.

ನಾಚಿಕೆ ಅಂದರೆ ಇದು. ಬೆಂಗಳೂರಿನಲ್ಲಿ ಯಾರಾದರೂ "ಕಾಸರಗೋಡಾ? ಹಾಗಾದ್ರೆ ಮಲಯಾಳಿ" ಅಂದರೆ ನಾನು ಅರ್ಧ ಗಂಟೆ ಜಗಳ ಆಡುವವನು. 1956ರಲ್ಲಿ ಗಡಿ ಎಳೆದಾಗ ನಾವು ಕೇರಳಕ್ಕೆ ಸೇರಿದೆವು, ತಾಳವಾಡಿಯವರು ಮದ್ರಾಸ್ ರಾಜ್ಯದಲ್ಲೇ ಉಳಿದರು, ಕತೆ ಒಂದೇ. ರಾಜ್‌ಕುಮಾರ್ ಅವರ ಗಾಜನೂರು ಇರುವುದೂ ತಾಳವಾಡಿ ಹತ್ತಿರವೇ. 2000ದಲ್ಲಿ ಅವರನ್ನು ಅಲ್ಲಿಂದ ಕಾಡುಗಳ್ಳ ವೀರಪ್ಪನ್ ಎತ್ತಿಕೊಂಡು ಹೋದಾಗ 108 ದಿನ ಬೆಳಿಗ್ಗೆ ಎದ್ದು ಪೇಪರ್ ನೋಡಿದವನು ನಾನು. ಅಲ್ಲಿಯವರು ಯಾವ ಭಾಷೆ ಆಡ್ತಾರೆ ಅಂತ ಒಂದು ದಿನವಾದರೂ ಹೊಳೆಯಬೇಡವಾ?

ಅಷ್ಟಕ್ಕೇ ಮುಗಿಯಲಿಲ್ಲ. ಕೊಯಮತ್ತೂರಿಗೆ ರೈಲು, ಅಲ್ಲಿಂದ ಬಣ್ಣಾರಿ ಮೇಲೆ ದಿಂಬಂ ಘಾಟಿ ಅಂತ ನಮ್ಮ ಪ್ಲಾನು. 27 ಹೇರ್‌ಪಿನ್ ತಿರುವು, ರಾತ್ರಿ ಸಂಚಾರಕ್ಕೆ ನಿರ್ಬಂಧ ಬೇರೆ. ತಿರುವಿಗೊಂದರಂತೆ ವಾಂತಿ ಮಾತ್ರೆ ಕೂಡ ತೆಗೆದಿಟ್ಟಿದ್ದೆವು. ಉಪದೇಶಿ ತಣ್ಣಗೆ ಕೇಳಿದರು, "ಅಷ್ಟ್ ಸುತ್ತಾಕೊಂಡ್ ಯಾಕ್ ಬತ್ತಿದ್ದೀರ ಸಾ? ಮೈಸೂರಿಂದ ಚಾಮರಾಜನಗರಕ್ ಬನ್ನಿ, ಅಲ್ಲಿಂದ ಇಲ್ಲೇಯ."

ಒಂಬತ್ತು ಟಿಕೆಟ್ ಕ್ಯಾನ್ಸಲ್. ಕೋಳಿ ಸುಕ್ಕದ ಲಾಭ ರೈಲ್ವೆಗೆ ಕಾಣಿಕೆ.

ಕೊನೆಗೆ ವ್ಯಾನು ಮಾಡಿಕೊಂಡು ಬೆಳಗಿನ ಜಾವ ನಾಲ್ಕಕ್ಕೆ ಹೊರಟೆವು, ಚೆರ್ಕಳ, ಜಾಲ್ಸೂರು, ಸುಳ್ಯ ದಾರಿ. ಬ್ಯಾಗುಗಳು ಒಳಗೆ, ಅವುಗಳ ಮೇಲೆ ನಾವು, ವ್ಯಾನಿನ ತಲೆಯ ಮೇಲೆ ಟಾರ್ಪಾಲು ಹೊದ್ದ ಮೀನು. ಗಡಿಯ ಚೆಕ್‌ಪೋಸ್ಟಿನಲ್ಲಿ ಒಬ್ಬರು ಟಾರ್ಚ್ ಹಿಡಿದು ಬಂದರು.

"ಮೇಲೆ ಎಂತ ಉಂಟು?"

"ಮೀನು" ಅಂದ ನಮ್ಮ ಡ್ರೈವರ್, ಅರೆ ನಿದ್ದೆಯಲ್ಲಿ.

ಅವರು ಟಾರ್ಚನ್ನು ಮೇಲಕ್ಕೆ ಬಿಟ್ಟರು. ಟಾರ್ಪಾಲಿನ ಸಂದಿನಲ್ಲಿ ಒಂದು ಗೆರಟೆಯ ಕಣ್ಣು ಕಾಣುತ್ತಿತ್ತು. "ಒಂದೇ ಮೀನಾ? ಐಸ್ ಹಾಕಿಲ್ವಾ?"

ನಾನು ವಿವರಿಸೋಣ ಅಂತ ಬಾಗಿಲು ತೆಗೆಯುವಷ್ಟರಲ್ಲಿ ಮಾಮ ಕೊಡೆ ಹಿಡಿದು ಇಳಿದಾಗಿತ್ತು. ಕನ್ನಡಕ ಒರೆಸುತ್ತಿದ್ದರು.

"ನೋಡಿ ಸರ್, 1834ರಲ್ಲಿ..."

ಆಂಟಿ ಚಾದ ಫ್ಲಾಸ್ಕ್ ಹುಡುಕಲು ಶುರು ಮಾಡಿದರು.