ಖಾಲಿ ಮೆಷಿನ್ನಿನ ಮೇಲೆ 400 ಗ್ರಾಂ

ಇವತ್ತು ಬೆಳಿಗ್ಗೆ ತೂಕ ನೋಡಿಕೊಳ್ಳಲು ಹೋದೆ. ಇನ್ನೂ ಕಾಲೇ ಇಟ್ಟಿಲ್ಲ, ಮೆಷಿನ್ನು ಆಗಲೇ 0.4 ತೋರಿಸುತ್ತಿದೆ. ಒರೆಸಿದೆ, ಸೆಲ್ ಬದಲಾಯಿಸಿದೆ, ತಲೆಕೆಳಗು ಮಾಡಿ ಎರಡು ತಟ್ಟಿದೆ. 0.4. ಒಂದು ತಿಂಗಳಿಂದ ರಾತ್ರಿ ಅನ್ನ ಬಿಟ್ಟು ನಾನು ಇಳಿಸಿದ್ದೇ ಅರ್ಧ ಕೆಜಿ. ಅದರಲ್ಲಿ 400 ಗ್ರಾಂ ಮೆಷಿನ್ನೇ ನುಂಗಿದರೆ ಹೊಟ್ಟೆ ಉರಿಯಲ್ವಾ?

ಇದಕ್ಕೆಲ್ಲ ಕಾರಣ ನಮ್ಮಕ್ಕನ ಮಗ. ಸೋಮವಾರದಿಂದ ಶುಕ್ರವಾರ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಐಟಿ ಕೆಲಸ, ಶನಿವಾರ ಭಾನುವಾರ ಡೈರೆಕ್ಟರು. ಪರಲೋಕದ ಮೇಲೆ ಒಂದು ಸೈನ್ಸ್ ಫಿಕ್ಷನ್ ಸಿನಿಮಾ ಮಾಡುತ್ತಿದ್ದಾನೆ. ಬಜೆಟ್ 40 ಸಾವಿರ, ಅದರಲ್ಲಿ 12 ಸಾವಿರ ಹುಡುಗರ ಬಿರಿಯಾನಿಗೇ ಹೋಯಿತು. ಹಾಗಾಗಿ ಪರಲೋಕ ಬಸವನಗುಡಿಯ ನಮ್ಮ ಮನೆ ತಾರಸಿಗೆ ಬಂತು. ಚಪಾತಿ ಸುತ್ತಲು ತಂದಿದ್ದ ಫಾಯಿಲ್ ಮೂರು ರೋಲ್ ಸುತ್ತಿದ ಮೇಲೆ ನಮ್ಮ ಸಿಂಟೆಕ್ಸ್ ಟ್ಯಾಂಕು ಆತ್ಮಗಳನ್ನು ಒಯ್ಯುವ ನೌಕೆ ಆಯಿತು. ಕೆಳಗಿನ ಸಂಪು ವೈತರಣಿ. ಚಿತ್ರಗುಪ್ತನ ಪಾತ್ರಕ್ಕೆ ಅವನ ಟೀಮ್ ಲೀಡ್ ಬಂದಿದ್ದರು. ಲ್ಯಾಪ್‌ಟಾಪ್ ತೆಗೆದು ಕೂತರು ಅಷ್ಟೇ, ಮೇಕಪ್ಪೇ ಬೇಕಾಗಲಿಲ್ಲ.

ಕತೆ ನಡೆಯೋದು 2090ರ ಬೆಂಗಳೂರಿನಲ್ಲಿ. ಸತ್ತವರ ಆತ್ಮವನ್ನು ತೂಕ ಹಾಕಿ, ಟೋಕನ್ ಕೊಟ್ಟು ಕಳಿಸುತ್ತಾರಂತೆ. ಈ ತೂಕದ ಹುಚ್ಚು ಇವನೊಬ್ಬನದ್ದೇ ಅಲ್ಲ. ಅಮೆರಿಕದ ಡಂಕನ್ ಮ್ಯಾಕ್‌ಡೂಗಲ್ ಅನ್ನೋ ಡಾಕ್ಟರು ಸಾಯುತ್ತಿದ್ದ ಆರು ರೋಗಿಗಳನ್ನು ಮಂಚದ ಸಮೇತ ತಕ್ಕಡಿ ಮೇಲೆ ಇಟ್ಟು ತೂಗಿ, 1907ರಲ್ಲಿ ಲೆಕ್ಕ ಪ್ರಕಟಿಸಿದ್ದ. ಮೊದಲನೆಯ ರೋಗಿ ಪ್ರಾಣ ಬಿಟ್ಟಾಗ ಮುಕ್ಕಾಲು ಔನ್ಸ್, ಅಂದರೆ ಸುಮಾರು 21 ಗ್ರಾಂ ಇಳಿಯಿತಂತೆ. ಉಳಿದವರ ಲೆಕ್ಕ ತಾಳೆಯಾಗಲಿಲ್ಲ, ಇಬ್ಬರದ್ದನ್ನು ಅವನೇ ಕೈಬಿಟ್ಟ. ಆದರೂ 21 ಮಾತ್ರ ಗಟ್ಟಿಯಾಗಿ ನಿಂತುಬಿಟ್ಟಿತು. 15 ನಾಯಿಗಳನ್ನೂ ತೂಗಿದ, ಏನೂ ಇಳಿಯಲಿಲ್ಲ, ಸರಿ ನಾಯಿಗೆ ಆತ್ಮ ಇಲ್ಲ ಅಂದುಕೊಂಡ. ನಮ್ಮ ಕ್ರಾಸಿನಲ್ಲಿ ಬೀದಿನಾಯಿಗಳಿಗೆ ಬಿಸ್ಕೆಟ್ ಹಾಕುವ ಆಂಟಿ ಎದುರು ಆ ಮಾತು ಹೇಳಿದ್ದರೆ ಅವನದ್ದೂ 21 ಗ್ರಾಂ ಅಲ್ಲೇ ಇಳಿಯುತ್ತಿತ್ತು.

"ನೋಡಪ್ಪಾ, ನಮ್ಮ ಮೆಷಿನ್ನು 100 ಗ್ರಾಂಗಿಂತ ಕಮ್ಮಿ ತೋರಿಸಲ್ಲ. ಐದು ಜನ ಒಟ್ಟಿಗೆ ಸತ್ತರೆ ಒಂದು ಪಾಯಿಂಟ್ ಇಳಿಯುತ್ತೆ" ಅಂದೆ.

"ಅದನ್ನ ಗ್ರಾಫಿಕ್ಸಲ್ಲಿ ನೋಡ್ಕೊಳ್ತೀನಿ ಮಾಮ. ನೀವು ಸುಮ್ನೆ ಮಲಗಿ."

ಹೌದು, ಹೆಣ ನಾನೇ. ಅಮ್ಮ "ಬಿಡ್ತು ಅನ್ರೋ" ಅಂತ ಬೈದು ಅಡುಗೆಮನೆ ಸೇರಿದಳು. ಒಂದಡಿ ಅಗಲದ ಮೆಷಿನ್ನಿನ ಮೇಲೆ ಐದೂಮುಕ್ಕಾಲು ಅಡಿ ಮನುಷ್ಯ ಮಲಗೋದು ಹೇಗೆ? ಹಳೇ ಬಾಗಿಲೊಂದನ್ನು ಮೇಲಿಟ್ಟು ನನ್ನನ್ನು ಮಲಗಿಸಿದರು. ಏತದ ಹಾಗೆ ಒಂದು ಕಡೆ ವಾಲಿತು, ಕಾಲು ಮುಂದಾಗಿ ಜಾರಿದೆ. ಮತ್ತೆ ಮಲಗಿಸಿದರು, ಈ ಸಲ ತಲೆ ಮುಂದಾಗಿ. ಕೊನೆಗೆ ಎರಡೂ ಕಡೆ ಇಟ್ಟಿಗೆ ಕೊಟ್ಟರು. ಭಾರವೆಲ್ಲ ಇಟ್ಟಿಗೆಗೆ ಹೋಗಿ, ಮೆಷಿನ್ನಿನ ಪ್ರಕಾರ ನಾನು 6 ಕೆಜಿ.

ಅಷ್ಟರಲ್ಲಿ ಚಿಕ್ಕಪ್ಪ ಬಂದರು. ನೆಂಟರಲ್ಲಿ ಯಾರು ಹೋದರೂ ಮೊದಲು ಮುಟ್ಟುವವರು ಇವರೇ. ಅಳುವವರನ್ನು ಅಳಲು ಬಿಟ್ಟು ಬಿದಿರು, ಮಡಕೆ, ಬೆರಣಿ ಅಂತ ಓಡಾಡುತ್ತಾರೆ. ಇಲ್ಲೂ ಸುಮ್ಮನಿರಲಾಗಲಿಲ್ಲ.

"ತಲೆ ಉತ್ತರಕ್ಕಿದೆಯಲ್ರೋ! ದಕ್ಷಿಣಕ್ಕೆ ತಿರುಗಿಸಿ."

"ತಾತ, ಲೈಟು ಈ ಕಡೆಯಿಂದ ಬರ್ತಿದೆ."

ಆ್ಯಕ್ಷನ್ ಅಂದರು. ಚಿಕ್ಕಪ್ಪ ಫ್ರೇಮಿನೊಳಗೆ ಬಂದು ನನ್ನ ಕಾಲಿನ ಹೆಬ್ಬೆರಳು ಎರಡನ್ನೂ ಸೇರಿಸಿ ದಾರ ಕಟ್ಟಿದರು. ಕಟ್. ಮತ್ತೆ ಆ್ಯಕ್ಷನ್. "ಹತ್ತಿ ಎಲ್ಲಿ?" ಅಂತ ಮೂಗಿಗೆ ತುರುಕಿದರು. ಕಟ್. ಮೂರನೇ ಸಲ ತುಳಸಿ ನೀರು. ಮೂಗು ಕಟ್ಟಿರುವ ಹೆಣದ ಬಾಯಿಗೆ ನೀರು ಬಿಟ್ಟರೆ ಅದು ಕೆಮ್ಮದೆ ಇನ್ನೇನು ಮಾಡುತ್ತೆ? "ಮಾಮ, ಹೆಣ ಕೆಮ್ಮಂಗಿಲ್ಲ" ಅಂದ ಡೈರೆಕ್ಟರು, ನನಗೆ! ನಾಲ್ಕನೇ ಸಲ ಎಲ್ಲ ಸರಿಯಾಗಿ, ನಾನು ಉಸಿರು ಬಿಗಿಹಿಡಿದು, ಕೆನ್ನೆ ಮೇಲೆ ಕೂತ ಸೊಳ್ಳೆಯನ್ನೂ ಸಹಿಸಿಕೊಂಡಿರುವಾಗ ಕೆಳಗೆ ಮೈಕು ಕೂಗಿತು: ಹಳೇ ಪೇಪರ್, ಹಳೇ ಕಬ್ಬಿಣ. ಚಿಕ್ಕಪ್ಪ ತಾರಸಿಯಿಂದ ಬಗ್ಗಿ, "ಕೆಜಿಗೆ ಎಷ್ಟಪ್ಪಾ?"

ಮಧ್ಯಾಹ್ನ ಊಟಕ್ಕೆ ಕೂತಾಗ ಸಿನಿಮಾದ ಟೋಕನ್ ಅವರ ಕೈಗೆ ಸಿಕ್ಕಿತು. ಕೆಂಪು ಪ್ಲಾಸ್ಟಿಕ್ಕಿನದು. ತಿರುಗಿಸಿ ತಿರುಗಿಸಿ ನೋಡಿದರು. "ನಮಗೆ ಚೀಟಿ ಕೊಟ್ಟಿದ್ರು ಕಣೋ, ಪೆನ್ನಲ್ಲಿ ನಂಬರ್ ಬರೆದು" ಅಂದರು.

2021ರ ಮೇ ತಿಂಗಳು. ಮುಂದೆ ಆಂಬುಲೆನ್ಸುಗಳ ಸಾಲು. ನಾನೂ ಚಿಕ್ಕಪ್ಪನೂ ರಸ್ತೆ ಪಕ್ಕ ನಿಂತಿದ್ದೆವು. ಅಪ್ಪನನ್ನು ಸುತ್ತಿ ತಂದಿದ್ದರು. ಊರವರ ಹೆಣಕ್ಕೆಲ್ಲ ದಾರ ಕಟ್ಟಿದ ಮನುಷ್ಯನಿಗೆ ತನ್ನ ಅಣ್ಣನ ತಲೆ ಯಾವ ಕಡೆ ಇದೆ ಅಂತಲೂ ಗೊತ್ತಾಗಲಿಲ್ಲ.

ನಮ್ಮ ಹುಡುಗ ಏನೂ ಮಾತಾಡಲಿಲ್ಲ. ಊಟ ಆದಮೇಲೆ ಬಾಗಿಲನ್ನು ದಕ್ಷಿಣಕ್ಕೆ ತಿರುಗಿಸಿದ. ಬಿಸಿಲು ನೇರ ಕ್ಯಾಮೆರಾಕ್ಕೆ ಹೊಡೆದು ನನ್ನ ಮುಖ ಬರೀ ಕಪ್ಪಾಗಿ ಬಂದಿದೆಯಂತೆ.

0.4 ವಿಷಯ ಹೇಳೋಣ ಅಂತ ಈಗ ಫೋನ್ ಮಾಡಿದ್ದೆ. "ಅಷ್ಟನ್ನ ಕಳೆದು ಬರ್ಕೊಳ್ಳಿ ಮಾಮ" ಅಂದ. ಆಮೇಲೆ ಮೆಲ್ಲಗೆ, ಸೌಂಡಿನಲ್ಲಿ ಹಳೇ ಪೇಪರ್ ಸೇರಿಕೊಂಡಿದೆ, ಮುಂದಿನ ಭಾನುವಾರ ಇನ್ನೊಂದು ಸಲ ಸಾಯಬೇಕು ಅಂದ. ಆಗಲ್ಲ ಅಂತ ಖಡಾಖಂಡಿತವಾಗಿ ಹೇಳಿ ಫೋನ್ ಇಟ್ಟೆ. ಐದು ನಿಮಿಷಕ್ಕೆ ಚಿಕ್ಕಪ್ಪನ ಫೋನು.

"ಭಾನುವಾರ ಎಷ್ಟೊತ್ತಿಗೋ ಎತ್ತೋದು?"