ಸತ್ಯಾಂಶ: ಲಾ ಫರ್ಮ್ ಆಯ್ಕೆಯಲ್ಲಿ ಹೆಚ್ಚು ಮಾತಾಡಿದವರಿಗೇ ಕೆಲಸವೇ?

‘ಅಸೆಸ್‌ಮೆಂಟ್ ದಿನದ ಗುಂಪು ಚರ್ಚೆಯಲ್ಲಿ ಕೊನೆತನಕ ಮಾತು ಬಿಡದವರೇ ಗೆಲ್ಲುತ್ತಾರೆ’ ಎಂಬ ಫಾರ್ವರ್ಡ್ ಸಂದೇಶ ತಪ್ಪು. ಅಸೆಸ್‌ಮೆಂಟ್ ದಿನವೆಂದರೆ ಲಾ ಫರ್ಮ್ (ವಕೀಲರ ಸಂಸ್ಥೆ) ಅಭ್ಯರ್ಥಿಗಳನ್ನು ಗುಂಪು ಚರ್ಚೆ, ಬರವಣಿಗೆಯಂಥ ಪರೀಕ್ಷೆಗಳಿಂದ ಅಳೆಯುವ ಆಯ್ಕೆಯ ದಿನ. ಚರ್ಚೆಗೆ ಕೊಟ್ಟ ಕಡತದ ಮುಖ್ಯ ಅಂಶ ಹೆಕ್ಕಿದಿರಾ, ಇತರರ ವಾದವನ್ನು ಮುಂದುವರಿಸಿದಿರಾ, ಸಮಯದೊಳಗೆ ಗುಂಪನ್ನು ತೀರ್ಮಾನಕ್ಕೆ ತಂದಿರಾ ಎಂಬುದನ್ನು ಮೌಲ್ಯಮಾಪಕರು ನೋಡುತ್ತಾರೆ. ಮಾತಿಗೆ ಅಡ್ಡ ಬಾಯಿ ಹಾಕಿದರೆ ನಷ್ಟವೇ. ಪೂರ್ತಿ ಸುಮ್ಮನಿದ್ದರೂ ಕಷ್ಟ. ಅಂಕ ಕೊಡಲು ಅವರ ಬಳಿ ಏನೂ ಇರುವುದಿಲ್ಲ.

ನಿಜಕ್ಕೂ ಹಲವರು ಎಡವುವುದು ಲಿಖಿತ ಪರೀಕ್ಷೆಯಲ್ಲಿ, ಅಂದರೆ ಕೊಟ್ಟ ಕಡತ ಓದಿ ಕಕ್ಷಿದಾರನಿಗೆ ಸಲಹೆ ಬರೆಯುವಲ್ಲಿ. ಓದುತ್ತಲೇ ಸಮಯ ಕಳೆದು ಸಲಹೆಯ ಭಾಗ ಅರ್ಧಕ್ಕೇ ನಿಲ್ಲುತ್ತದೆ. 45 ನಿಮಿಷವಿದ್ದರೆ 15 ಓದಿಗೆ, 5 ಟಿಪ್ಪಣಿಗೆ, 20 ಬರವಣಿಗೆಗೆ, 5 ತಿದ್ದುವುದಕ್ಕೆ ಎಂದು ಮನೆಯಲ್ಲೇ ಗಡಿಯಾರವಿಟ್ಟು ರೂಢಿ ಮಾಡಿಕೊಳ್ಳಿ. ಕಕ್ಷಿದಾರ ಏನು ಮಾಡಬೇಕೆಂಬುದು ಮೊದಲ ಸಾಲಿನಲ್ಲೇ ಬರಲಿ. ಕಾರಣ, ಅಪಾಯ, ಖರ್ಚು ಆಮೇಲೆ.