ಯಾರೂ ಏನೂ ಅನ್ನಲ್ವಾ?

ಹೋದ ಜೂನ್‌ನಲ್ಲಿ ಒಂದು ಶನಿವಾರ ಮಗಳನ್ನು ಕರೆದುಕೊಂಡು ಲೈಬ್ರರಿಗೆ ಹೋಗಿದ್ದೆ. ನಾವಿರುವುದು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ. ಮನೆಯಿಂದ ಲೈಬ್ರರಿಗೆ ಎಂಟು ನಿಮಿಷದ ದಾರಿ. ಅವಳಿಗೆ ಆರು ವರ್ಷ. ಡ್ರ್ಯಾಗನ್ ಇರುವ ಪುಸ್ತಕವೇ ಬೇಕು ಎಂದು ದಾರಿಯುದ್ದಕ್ಕೂ ಹೇಳುತ್ತಾ ಬಂದಳು.

ಬಾಗಿಲ ಹತ್ತಿರ ಒಂದು ಮೇಜು ಇತ್ತು. ಅದರ ತುಂಬ ಪುಸ್ತಕ, ಎಲ್ಲವೂ ಅಪ್ಪಂದಿರ ಬಗ್ಗೆ. ಇಲ್ಲಿ ಜೂನ್ ತಿಂಗಳ ಮೂರನೇ ಭಾನುವಾರ ಅಪ್ಪಂದಿರ ದಿನ, ಅದಕ್ಕೆ ಜೋಡಿಸಿದ್ದರು. ಹಸುಗೂಸನ್ನು ಎತ್ತಿಕೊಳ್ಳುವುದು ಹೇಗೆ ಎನ್ನುವುದರಿಂದ ಹಿಡಿದು, ಅಪ್ಪನನ್ನು ಕಳೆದುಕೊಂಡ ಗಂಡಸು ತಾನೇ ಅಪ್ಪನಾದಾಗ ಏನಾಗುತ್ತದೆ ಎನ್ನುವವರೆಗೆ ಎಲ್ಲ ಇತ್ತು. ಕೊನೆಯದನ್ನು ಕೈಗೆ ತೆಗೆದುಕೊಂಡೆ. ತೆಗೆದುಕೊಂಡವನು ಮೊದಲು ಮಾಡಿದ ಕೆಲಸ ಏನು ಗೊತ್ತಾ? ಹಿಂದೆ ತಿರುಗಿ ನೋಡಿದ್ದು. ಯಾರಾದರೂ ನೋಡುತ್ತಿದ್ದಾರಾ ಅಂತ.

ಯಾರೂ ನೋಡುತ್ತಿರಲಿಲ್ಲ. ಪಕ್ಕದ ಸಾಲಿನಲ್ಲಿ ಒಬ್ಬರು ನೆಲದ ಮೇಲೆ ಕಾಲು ಚಾಚಿ ಕೂತು ಓದುತ್ತಿದ್ದರು. ಅರವತ್ತು ದಾಟಿದ ಗಂಡಸು, ಕಟ್ಟಡದ ಕೆಲಸಕ್ಕೆ ಹೋಗುವವರ ದಪ್ಪ ಬೂಟು. ಕೈಲಿದ್ದ ಪುಸ್ತಕದ ಬೆನ್ನಿಗೆ ಕೆಂಪು ಹೃದಯದ ಚೀಟಿ ಅಂಟಿಸಿತ್ತು. ಅಂದರೆ ಪ್ರೇಮ ಕಾದಂಬರಿ. ಅವರು ತಲೆ ಎತ್ತಲೂ ಇಲ್ಲ. ಪುಟ ತಿರುಗಿಸಿದರು, ಮುಂದೆ ಓದಿದರು.

ಅದು ನನ್ನನ್ನು ಚುಚ್ಚಿತು. ಈ ದೇಶಕ್ಕೆ ಬಂದು ಹನ್ನೊಂದು ವರ್ಷವಾಯಿತು. ಪುಸ್ತಕ ಕೈಗೆ ತೆಗೆದುಕೊಂಡ ಕೂಡಲೇ ಹಿಂದೆ ತಿರುಗುವುದು ಮಾತ್ರ ಹೋಗಿಲ್ಲ. ಅದು ಎಲ್ಲಿಂದ ಬಂತು ಅಂತಲೂ ನನಗೆ ಗೊತ್ತು.

ನಮ್ಮೂರ ಲೈಬ್ರರಿಯಲ್ಲಿ ಪುಸ್ತಕಗಳು ಗಾಜಿನ ಬೀರುವಿನಲ್ಲಿದ್ದವು. ಬೀರುವಿಗೆ ಬೀಗ. ಮುಂದೆ ಪೇಪರ್ ಓದುವವರ ಉದ್ದನೆಯ ಮೇಜು. ಒಳಗೆ ಹೋದರೆ ಒಂದೇ ಪ್ರಶ್ನೆ: ‘ಯಾವ ಬುಕ್ ಬೇಕು?’ ಹೆಸರು ಹೇಳಿದರೆ ಹುಡುಕಿ ಕೊಡುತ್ತಿದ್ದರು. ನನಗೆ ಗೊತ್ತಿದ್ದದ್ದು ಕನ್ನಡ ಮೇಷ್ಟ್ರು ಹೇಳಿದ ನಾಲ್ಕು ಹೆಸರು ಅಷ್ಟೇ. ಅವು ನಾಲ್ಕೂ ಮುಗಿದ ಮೇಲೆ ಏನು ಕೇಳಬೇಕು? ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಗಾಜಿನಾಚೆ ಒಂದು ದಪ್ಪ ಪುಸ್ತಕ ಕಂಡಿತು. ಬೆನ್ನಿನ ಮೇಲೆ ಅರ್ಧ ಅಳಿಸಿದ ಅಕ್ಷರದಲ್ಲಿ ‘ಚಿತ್ರಕಲೆ’ ಅಂತ ಇತ್ತು. ಅದನ್ನು ಕೊಡಿ ಸಾರ್ ಎಂದೆ. ‘ಅದ್ಯಾಕಪ್ಪ ನಿನಗೆ? ಪರೀಕ್ಷೆಗೆ ಬರುತ್ತಾ?’ ಎಂದರು. ಬರುವುದಿಲ್ಲ ಎಂದೆ. ಅಲ್ಲಿಗೆ ಮಾತು ಮುಗಿಯಿತು. ಆ ಪುಸ್ತಕದ ಒಳಗೆ ಏನಿತ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ನನ್ನ ತಕರಾರು ಇರುವುದು ಇಲ್ಲೇ. ಹೆಸರು ಗೊತ್ತಿರುವ ಪುಸ್ತಕವನ್ನು ಕೇಳಿ ತರುವುದು ಒಂದು ಕೆಲಸ. ಹೆಸರೇ ಗೊತ್ತಿಲ್ಲದ ಪುಸ್ತಕ ಎದುರಿಗೆ ಬಂದು ನಿಲ್ಲುವುದು ಬೇರೆಯೇ ಸುಖ. ಆ ಎರಡನೆಯದಕ್ಕೆ ನಮ್ಮ ಕಡೆ ಜಾಗವೇ ಇಡಲಿಲ್ಲ. ಪುಸ್ತಕಕ್ಕೆ ಕಾಲು ತಾಕಿದರೆ ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಪೂಜೆಯ ದಿನ ಅರಿಶಿನ ಕುಂಕುಮ ಇಡುತ್ತೇವೆ. ಆದರೆ ಒಂದು ಹುಡುಗಿ ಪ್ರೇಮದ ಕಥೆ ಓದಿದರೆ ‘ಕೆಟ್ಟುಹೋಗ್ತಾಳೆ’ ಅನ್ನುತ್ತೇವೆ. ದೊಡ್ಡವರು ಮಾಯ ಮಂತ್ರದ ಕಥೆ ಓದಿದರೆ ‘ಇನ್ನೂ ಚಿಕ್ಕ ಮಗುವಾ’ ಅನ್ನುತ್ತೇವೆ. ಗಂಡಸು ಮಗು ಸಾಕುವ ಪುಸ್ತಕ ಹಿಡಿದರೆ, ‘ಅದಕ್ಕೂ ಪುಸ್ತಕ ಬೇಕಾ, ನಮ್ಮಪ್ಪ ತಾತ ಓದಿದ್ರಾ?’

ಇಲ್ಲಿ ಆ ಪ್ರಶ್ನೆಗಳೇ ಇಲ್ಲ. ಪ್ರೇಮಕ್ಕೆ ಒಂದು ಸಾಲು, ಪತ್ತೇದಾರಿಗೆ ಒಂದು, ಮಾಯಾಲೋಕಕ್ಕೆ ಒಂದು. ದೂರದಿಂದಲೇ ಕಾಣಲಿ ಅಂತ ಬೆನ್ನಿನ ಮೇಲೆ ಚೀಟಿ. ಉಳಿದ ವಿಷಯಗಳು ಡ್ಯೂಯಿ ಅಂಕಿಗಳ ಪ್ರಕಾರ ನಿಂತಿರುತ್ತವೆ. ಪ್ರತಿ ವಿಷಯಕ್ಕೂ ಒಂದು ಅಂಕಿ ಕೊಟ್ಟು ಪುಸ್ತಕ ಜೋಡಿಸುವ, 1876ರಲ್ಲಿ ಶುರುವಾದ ಪದ್ಧತಿ ಅದು. ಮೊದಮೊದಲು ಆ ಅಂಕಿಗಳು ನನಗೆ ಬರೀ ವಿಳಾಸದ ಹಾಗೆ ಕಾಣುತ್ತಿದ್ದವು. ಆಮೇಲೆ ಗೊತ್ತಾಯಿತು, ಅವು ನೆರೆಹೊರೆಯನ್ನೂ ಕಟ್ಟುತ್ತವೆ ಅಂತ. ನಾನು ತಂದ ಅಪ್ಪಂದಿರ ಪುಸ್ತಕ 306.874ರಲ್ಲಿ ಇರುವಂಥದ್ದು. ಮದುವೆ 306.81, ವಿಚ್ಛೇದನ 306.89. ಅವೆರಡರ ನಡುವೆ ಅಪ್ಪ ಅಮ್ಮ ಮಕ್ಕಳು. ಒಂದನ್ನು ಹುಡುಕಿಕೊಂಡು ಹೋದವನ ಕಣ್ಣಿಗೆ ಅದರ ಪಕ್ಕದ್ದು ಬೀಳುತ್ತದೆ. ಯಾರನ್ನೂ ಕೇಳಬೇಕಿಲ್ಲ, ಕಾರಣ ಹೇಳಬೇಕಿಲ್ಲ.

ಚಿತ್ರಕಲೆ ನನಗೆ ಸಿಕ್ಕಿದ್ದೂ ಹಾಗೆಯೇ. ಮೂರು ವರ್ಷದ ಹಿಂದೆ ಕಾಮಿಕ್ಸ್ ಹುಡುಕಿಕೊಂಡು 741.5ಕ್ಕೆ ಹೋಗಿದ್ದೆ. ಅದರ ಮುಂದಿನ ಸಾಲು ಚಿತ್ರ ಬಿಡಿಸುವುದು. ಇನ್ನೊಂದೆರಡು ಹೆಜ್ಜೆ ಹಾಕಿದರೆ 750, ವರ್ಣಚಿತ್ರ. ಅಲ್ಲಿ ನೀಲಿ ಬಣ್ಣದ ಬಗ್ಗೆ ಒಂದು ಪುಸ್ತಕ ಇತ್ತು. ಬರೀ ನೀಲಿಯ ಬಗ್ಗೆ! ಅಫ್ಘಾನಿಸ್ತಾನದ ಬದಖ್‌ಶಾನ್ ಗಣಿಯಿಂದ ಬಂದ ನೀಲಿ ಕಲ್ಲನ್ನು ಅರೆದು ಯುರೋಪಿನ ಚಿತ್ರಕಾರರು ಬಣ್ಣ ಮಾಡುತ್ತಿದ್ದರಂತೆ. ಅದು ಅಷ್ಟು ದುಬಾರಿ, ಹಾಗಾಗಿ ಏಸುವಿನ ತಾಯಿ ಮೇರಿಯ ಮೇಲುಹೊದಿಕೆಗೆ ಅಂತಲೇ ಎತ್ತಿಡುತ್ತಿದ್ದರಂತೆ. ನಿಂತಲ್ಲೇ ಮೂವತ್ತು ಪುಟ ಓದಿದೆ.

ಅದೇ ಸಾಲಿನಲ್ಲಿ ಭಾರತದ ಚಿತ್ರಕಲೆಯ ಒಂದು ಪುಸ್ತಕ ತೆರೆದರೆ ಮೈಸೂರು ಶೈಲಿಯ ಚಿತ್ರಗಳು. ಅಜ್ಜಿ ಮನೆಯ ದೇವರ ಕೋಣೆಯಲ್ಲಿ ಅಂಥದ್ದೇ ಒಂದು ಲಕ್ಷ್ಮಿಯ ಪಟ ಇತ್ತು. ಒಡವೆಗಳು ಉಬ್ಬಿಕೊಂಡು ಹೊಳೆಯುತ್ತಿದ್ದವು. ಆ ಉಬ್ಬು ಬರುವುದು ರೇವಣಚಿನ್ನಿ ಎನ್ನುವ ಹಳದಿ ರಾಳ, ಬಿಳಿ ಪುಡಿ, ಅಂಟು ಸೇರಿಸಿ ಮಾಡಿದ ಲೇಪದಿಂದ, ಅದರ ಮೇಲೆ ಚಿನ್ನದ ರೇಕು ಕೂರಿಸುತ್ತಾರೆ ಅಂತ ನನಗೆ ತಿಳಿದದ್ದು ಕ್ವೀನ್ಸ್‌ನಲ್ಲಿ. ಹದಿನೈದು ವರ್ಷ ಆ ಪಟಕ್ಕೆ ಕೈಮುಗಿದಿದ್ದೆ. ಹೇಗೆ ಮಾಡಿದರು ಅಂತ ಕೇಳಬಹುದು ಎನ್ನುವುದೇ ಹೊಳೆದಿರಲಿಲ್ಲ. ನಮ್ಮ ಮನೆಯ ಗೋಡೆಯ ಮೇಲಿದ್ದ ವಿಷಯ ತಿಳಿಯಲು ಇಷ್ಟು ದೂರ ಬರಬೇಕಾಯಿತಲ್ಲ ಅಂತ ಸಂಕಟವಾಯಿತು.

ತಂದ ಪುಸ್ತಕ ತಡವಾದರೆ ದಂಡವೂ ಇಲ್ಲ. 2021ರ ಅಕ್ಟೋಬರಿನಲ್ಲಿ ಈ ನಗರದ ಮೂರೂ ಸಾರ್ವಜನಿಕ ಲೈಬ್ರರಿ ಸಂಸ್ಥೆಗಳು ತಡದ ದಂಡವನ್ನು ತೆಗೆದುಹಾಕಿದವು. ದಂಡದ ಭಯ ಹೋದ ಮೇಲೆ ನಾನು ಪುಸ್ತಕ ಆರಿಸುವ ರೀತಿಯೇ ಬದಲಾಯಿತು. ಮುಂಚೆ ಓದಿ ಮುಗಿಸುವಂಥದ್ದನ್ನೇ ತರುತ್ತಿದ್ದೆ. ಈಗ ಗೊತ್ತಿಲ್ಲದ್ದನ್ನೂ ತರುತ್ತೇನೆ. ಇಷ್ಟವಾಗದಿದ್ದರೆ ಹತ್ತನೇ ಪುಟಕ್ಕೆ ವಾಪಸ್.

ಹಾಗೆ ನೋಡಿದರೆ, ಇದನ್ನೆಲ್ಲ ನಮಗೆ ಅಮೆರಿಕದವರು ಬಂದು ಕಲಿಸಬೇಕಿರಲಿಲ್ಲ. ನಮ್ಮ ದೇಶದ ಗ್ರಂಥಾಲಯ ತಜ್ಞ ಎಸ್. ಆರ್. ರಂಗನಾಥನ್ 1931ರಲ್ಲೇ ಲೈಬ್ರರಿಗಳಿಗೆ ಐದು ಸೂತ್ರ ಬರೆದರು. ಪುಸ್ತಕ ಇರುವುದು ಬಳಸಲಿಕ್ಕೆ. ಪ್ರತಿ ಓದುಗನಿಗೂ ಅವನ ಪುಸ್ತಕ. ಪ್ರತಿ ಪುಸ್ತಕಕ್ಕೂ ಅದರ ಓದುಗ. ಈ ಮೂರನೆಯದಕ್ಕಾಗಿಯೇ ಕಪಾಟು ತೆರೆದಿರಬೇಕು, ಓದುಗ ತಾನೇ ಕೈಹಾಕಿ ನೋಡಬೇಕು ಎಂದು ಅವರು ವಾದಿಸಿದರು. ಅವರು ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಅಲ್ಲೇ ಒಂದು ಸಂಶೋಧನಾ ಕೇಂದ್ರ ಕಟ್ಟಿದರು, 1972ರಲ್ಲಿ ಅಲ್ಲೇ ತೀರಿಕೊಂಡರು. ನಮ್ಮ ಗ್ರಂಥಾಲಯ ಕಾಯ್ದೆ 1965ರದ್ದು. ಆಸ್ತಿ ತೆರಿಗೆಯ ಜೊತೆ ಶೇಕಡಾ 6ರಷ್ಟು ಗ್ರಂಥಾಲಯ ಕರವನ್ನು ಮನೆಮನೆಯೂ ಕಟ್ಟುತ್ತದೆ. ಸೂತ್ರವೂ ನಮ್ಮದು, ದುಡ್ಡೂ ನಮ್ಮದು. ಹೀಗಿದ್ದೂ ನಾನು ಬೆಳೆದ ಊರಿನ ಬೀರುವಿಗೆ ಬೀಗ ಇತ್ತು. ಇದನ್ನು ನೆನೆಸಿಕೊಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಆ ಶನಿವಾರ ರಾತ್ರಿ ಊರಿಗೆ ಫೋನ್ ಮಾಡಿದೆ. ಅಲ್ಲಿ ಭಾನುವಾರ ಬೆಳಿಗ್ಗೆ. ಚಿಕ್ಕಮ್ಮ ಕಾಫಿ ಕುಡಿಯುತ್ತಾ ಕೂತಿದ್ದಳು. ನಮ್ಮ ಮನೆಯಲ್ಲಿ ನಿಜವಾಗಿ ಓದುತ್ತಿದ್ದವಳು ಅವಳೊಬ್ಬಳೇ. ಒಟ್ಟು ಕುಟುಂಬದ ಕಿರಿ ಸೊಸೆ. ಪ್ರೇಮ ಕಾದಂಬರಿ ಎಂದರೆ ಪ್ರಾಣ. ಅಕ್ಕಿ ಡಬ್ಬದ ಹಿಂದೆ ಇಟ್ಟುಕೊಂಡು ಓದುತ್ತಿದ್ದಳು. ತಾತನಿಗೆ ಗೊತ್ತಾದರೆ ‘ಕಾದಂಬರಿ ಹೊಟ್ಟೆ ತುಂಬಿಸುತ್ತಾ?’ ಅನ್ನುತ್ತಿದ್ದರು. ಬಾಗಿಲ ಸದ್ದಾದರೆ ಓದುವುದು ನಿಲ್ಲುತ್ತಿತ್ತು. ಪೂರ್ತಿ ಮುಗಿಸುತ್ತೇನೋ ಇಲ್ಲವೋ ಅಂತ ಯಾವಾಗಲೂ ಕೊನೇ ಪುಟವನ್ನೇ ಮೊದಲು ಓದಿಬಿಡುತ್ತಿದ್ದಳು.

‘ಚಿಕ್ಕಮ್ಮ, ಇಲ್ಲಿ ಪ್ರೇಮ ಕಾದಂಬರಿಗೇ ಒಂದು ಸಾಲು ಇದೆ. ಬೆನ್ನಿಗೆ ಹೃದಯದ ಚೀಟಿ ಅಂಟಿಸಿರ್ತಾರೆ’ ಎಂದೆ.

‘ಎಲ್ಲರಿಗೂ ಕಾಣೋ ಹಾಗಾ?’

‘ಹ್ಞೂಂ. ಇವತ್ತು ಒಬ್ಬರು ವಯಸ್ಸಾದ ಗಂಡಸು ಕೂತ್ಕೊಂಡು ಓದ್ತಿದ್ರು.’

ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು, ‘ಯಾರೂ ಏನೂ ಅನ್ನಲ್ವಾ?’

ನನಗೆ ಗಂಟಲು ಕಟ್ಟಿತು. ನಲವತ್ತು ವರ್ಷ ಮೈಯೆಲ್ಲ ಕಿವಿಯಾಗಿ ಓದಿದ ಹೆಂಗಸು ಕೇಳುವ ಪ್ರಶ್ನೆ ಅದು. ನಮ್ಮ ಊರು, ನಮ್ಮ ಮನೆ, ನಮ್ಮ ಬೀರುಗಳು ಎಲ್ಲದರ ಮೇಲೂ ಕೋಪ ಉಕ್ಕಿತು. ಅದನ್ನೇ ಹೇಳುತ್ತಾ ಹೋದೆ. ಇಲ್ಲಿ ಎಷ್ಟು ಚೆನ್ನ, ಅಲ್ಲಿ ಯಾರು ಏನು ತೋರಿಸಿದರು, ಯಾರು ಏನು ಕೊಟ್ಟರು ಅಂತ.

‘ಹಾಗನ್ನಬೇಡ ಮಗಾ’ ಎಂದಳು. ‘ಸೈಕಲ್ಲಿನವನು ಬರ್ತಿರಲಿಲ್ವಾ?’

ಪುಸ್ತಕ ಬಾಡಿಗೆಗೆ ಕೊಡುವ ಸರ್ಕ್ಯುಲೇಟಿಂಗ್ ಲೈಬ್ರರಿಯ ಸೈಕಲ್ಲು. ನಾನು ಅದನ್ನು ಮರೆತೇಬಿಟ್ಟಿದ್ದೆ. ವಾರಕ್ಕೆರಡು ಸಲ ಮಧ್ಯಾಹ್ನ ಹಿಂದಿನ ಬಾಗಿಲಿಗೆ ಬರುತ್ತಿದ್ದರು. ಕ್ಯಾರಿಯರ್ ಮೇಲೆ ವಾರಪತ್ರಿಕೆ, ಕಾದಂಬರಿ. ಯಾವ ಮನೆಗೆ ಯಾವ ಧಾರಾವಾಹಿ, ಯಾರಿಗೆ ಅಳಿಸುವ ಕಥೆ ಬೇಕು, ಯಾರಿಗೆ ಕೊಲೆಯ ಕಥೆ ಬೇಕು, ಎಲ್ಲವೂ ಅವರ ತಲೆಯಲ್ಲಿತ್ತು. ಚಿಕ್ಕಮ್ಮ ಹೇಳಿದ್ದು ಇದು: ಅವರು ಎರಡು ಪ್ರೇಮ ಕಾದಂಬರಿಯ ಜೊತೆ ಕೇಳದೇ ಇನ್ನೊಂದನ್ನು ಸೇರಿಸುತ್ತಿದ್ದರು. ‘ನೋಡಿರಮ್ಮ, ಚೆನ್ನಾಗಿಲ್ಲದಿದ್ರೆ ಬಾಡಿಗೆ ಬೇಡ.’ ಒಂದು ಸಲ ಪ್ರವಾಸದ ಪುಸ್ತಕ, ಒಂದು ಸಲ ಯಾರೋ ಶಿಲ್ಪಿಯ ಜೀವನ. ಹಂಪಿಗೆ ಹೋಗಬೇಕು ಅಂತ ಅವಳು ಹಟ ಹಿಡಿದದ್ದು ಅಂಥ ಒಂದು ಪುಸ್ತಕ ಓದಿ.

ಇಷ್ಟು ಕೇಳಿದ ಮೇಲೆ ನಾನು ಒಪ್ಪಬೇಕಾಯಿತು. ಇಲ್ಲಿ ಸಾಲು ಪುಸ್ತಕ ತೋರಿಸುತ್ತದೆ. ಅಲ್ಲಿ ಮನುಷ್ಯರು ಹೊತ್ತು ತರುತ್ತಿದ್ದರು. ಗಳಗನಾಥರು ತಾವೇ ಬರೆದ ಕಾದಂಬರಿಗಳನ್ನು ಹೊತ್ತುಕೊಂಡು ಊರೂರು ಸುತ್ತಿ ಮಾರುತ್ತಿದ್ದರು ಅಂತ ಮೇಷ್ಟ್ರು ಹೇಳುತ್ತಿದ್ದದ್ದು ನೆನಪಾಯಿತು. ಅಂಥ ಕಾಲ್ನಡಿಗೆಯಿಂದಲೇ ಅಲ್ವಾ ಕನ್ನಡಕ್ಕೆ ಓದುಗರು ಹುಟ್ಟಿದ್ದು? ಈಗಿನ ವಿಷಯವನ್ನೂ ಹೇಳಬೇಕು. 2020ರಲ್ಲಿ ಶುರುವಾದ ‘ಓದುವ ಬೆಳಕು’ ಎನ್ನುವ ಸರ್ಕಾರಿ ಕಾರ್ಯಕ್ರಮ ಗ್ರಾಮ ಪಂಚಾಯ್ತಿಯ ಲೈಬ್ರರಿಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಹೋದ ಸಲ ಊರಿಗೆ ಹೋದಾಗ ಪಕ್ಕದ ಹಳ್ಳಿಯ ಅರಿವು ಕೇಂದ್ರ, ಅಂದರೆ ಪಂಚಾಯ್ತಿ ಲೈಬ್ರರಿ, ನೋಡಿದ್ದೆ. ಗೋಡೆಗೆ ಬಣ್ಣ ಬಣ್ಣದ ಚಿತ್ರ, ಮಕ್ಕಳ ಕೈಗೆ ಸಿಗುವ ಎತ್ತರದಲ್ಲಿ ಪುಸ್ತಕ. ನೋಡಿಯೂ ಹಳೆಯ ಬೀರುವನ್ನೇ ನೆನಪಿಟ್ಟುಕೊಂಡು ಬಂದೆ. ಆ ಬೀಗ ಹಾಕಿದವರ ಮೇಲೂ ಈಗ ಅಷ್ಟು ಸಿಟ್ಟಿಲ್ಲ. ಒಂದು ಪುಸ್ತಕ ಕಳೆದರೂ ಎಲ್ಲಿ ತಮ್ಮ ಸಂಬಳದಲ್ಲಿ ಹಿಡಿಯುತ್ತಾರೋ ಅಂತ ಅವರಿಗೆ ಭಯ ಇದ್ದಿರಬಹುದು.

ಫೋನ್ ಇಡುವ ಮುಂಚೆ, ಏನು ಪುಸ್ತಕ ತಂದೆ ಎಂದು ಚಿಕ್ಕಮ್ಮ ಕೇಳಿದಳು. ಅಪ್ಪಂದಿರ ಬಗ್ಗೆ ಎಂದೆ. ನಮ್ಮಪ್ಪ ತೀರಿಕೊಂಡು ನಾಲ್ಕು ವರ್ಷ. ಅವರು ಒಂದು ಕಥೆ ಪುಸ್ತಕ ಹಿಡಿದದ್ದನ್ನು ನಾನು ನೋಡಿಲ್ಲ. ಅದನ್ನೇ ಹೇಳಿದೆ.

‘ಓದ್ತಿರಲಿಲ್ಲ, ನಿಜ’ ಎಂದಳು. ‘ಆದ್ರೆ ಜೂನ್ ಬಂದ್ರೆ ನಿನ್ನ ಬುಕ್ಕಿಗೆಲ್ಲ ಬೈಂಡ್ ಹಾಕ್ತಿದ್ರಲ್ಲ? ಭಾವನವರು ಆ ಜೊತೇಲೇ ನನ್ನ ಕಾದಂಬರಿಗೂ ಪೇಪರ್ ಬೈಂಡ್ ಹಾಕಿ ಕಿಟಕಿ ಮೇಲೆ ಇಟ್ಟಿರ್ತಿದ್ರು. ಮಾವ ನೋಡಿದ್ರೂ ಮಕ್ಕಳ ಸ್ಕೂಲ್ ಬುಕ್ ಅಂದ್ಕೊಳ್ಳಲಿ ಅಂತ. ನನ್ನ ಜೊತೆ ಹತ್ತು ಮಾತು ಆಡಿದವರಲ್ಲ ಅವರು. ಅದೊಂದು ಮಾತ್ರ ತಪ್ಪಿಸಲಿಲ್ಲ.’

ಆ ಬೈಂಡು ಹಾಕುವ ರಾತ್ರಿಗಳು ನನಗೆ ಗೊತ್ತು. ಕತ್ತರಿ, ಗೋಂದು, ನೆಲದ ತುಂಬ ಪೇಪರ್ ಚೂರು. ಅಪ್ಪನ ಪಕ್ಕದಲ್ಲೇ ಕೂತಿರುತ್ತಿದ್ದೆ. ಆ ರಾಶಿಯಲ್ಲಿ ನನ್ನದಲ್ಲದ ಒಂದು ಪುಸ್ತಕ ಇತ್ತು ಅಂತ ತಿಳಿಯಲು ಮೂವತ್ತು ವರ್ಷ ಬೇಕಾಯಿತು.

ಮುಂದಿನ ವಾರ ಮಗಳು ಡ್ರ್ಯಾಗನ್ನಿನ ಎರಡನೇ ಭಾಗ ತೆಗೆದುಕೊಂಡಳು. ಲೈಬ್ರರಿಯ ನೆಲದ ಮೇಲಿದ್ದ ಪುಸ್ತಕಕ್ಕೆ ಕಾಲು ತಾಕಿತು. ನಾನು ಹೇಳುವ ಮುಂಚೆಯೇ ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಅದನ್ನು ಬಿಡಿಸುವ ಮನಸ್ಸು ನನಗಿಲ್ಲ. ನಾನು ಹೃದಯದ ಚೀಟಿಯ ಸಾಲಿಗೆ ಹೋಗಿ ಒಂದನ್ನು ತಂದೆ. ಆ ಸಾಲಿಗೆ ಸೇರಬೇಕಾದರೆ ಕಥೆ ಸುಖವಾಗಿ ಮುಗಿಯಲೇಬೇಕು ಎನ್ನುವುದು ಇಲ್ಲಿಯ ಓದುಗರ ಕಟ್ಟುನಿಟ್ಟು. ರಾತ್ರಿ ಫೋನ್ ಮಾಡಿ, ನಾನು ಕನ್ನಡದಲ್ಲಿ ಹೇಳುತ್ತಾ ಹೋಗುತ್ತೇನೆ, ಕೇಳು ಎಂದೆ. ಕನ್ನಡಕ ಸರಿಮಾಡಿಕೊಂಡು ಮೊದಲನೇ ಪುಟ ತೆರೆದೆ.

‘ತಡಿ ತಡಿ’ ಎಂದಳು ಚಿಕ್ಕಮ್ಮ. ‘ಮೊದಲು ಕೊನೇ ಪುಟ ಓದು.’